ಮಾತಿಗೆ ಏಳುವ ಮುಳ್ಳು

ಎಲ್ಲರೂ ಬಾಯಿ ಮುಚ್ಚಿದರೆ ಕಾರಿನ ಬ್ಯಾಟರಿಗೆ ಕೂಡಿಸಿದ ಮೀಟರಿನ ಮುಳ್ಳು ಮಲಗುತ್ತಿತ್ತು. ಯಾರಾದರೂ ಬಾಯಿ ಬಿಟ್ಟರೆ ಎದ್ದು ನಿಲ್ಲುತ್ತಿತ್ತು.

"ಇನ್ನೊಮ್ಮಿ ಮಾತಾಡ್ರಿ, ಆಯಿ," ಅಂದ ಚಾಂದ ಪಾಶಾ. ಬೀದರಿನಲ್ಲಿ ಅವನಷ್ಟು ಕಾರುಗಳ ವೈರಿಂಗ್ ಬಿಚ್ಚಿದವನು ಇನ್ನೊಬ್ಬನಿಲ್ಲ. ಅಂಥವನ ಹಣೆಯ ಮೇಲೂ ಈಗ ಬೆವರು.

"ಏನ್ ಮಾತಾಡ್ಲಿ? ನಿನ್ನ ಮೂತಿ ಛಂದ ಅದ ಅನ್ಲೇನು? ಅಷ್ಟು ದೊಡ್ಡ ಸುಳ್ಳಿಗಿ ನಿನ್ನ ಮುಳ್ಳು ಮುರದೇ ಹೋಗ್ತದ ನೋಡು," ಅಂದಳು ಭೀಮಬಾಯಿ.

ಮುಳ್ಳು ಎದ್ದಿತು.

ಭೀಮಬಾಯಿ ಬಾಯಿ ಮುಚ್ಚಿದಳು. ಸೂರ್ಯಗ್ರಹಣವನ್ನಾದರೂ ಜನ ಆಗಾಗ ನೋಡಿರುತ್ತಾರೆ, ಭೀಮಬಾಯಿ ಬಾಯಿ ಮುಚ್ಚಿದ್ದನ್ನು ನೋಡಿದವರಿಲ್ಲ. ಸ್ವಲ್ಪ ಹೊತ್ತಾಯಿತು. ಮುಳ್ಳು ಮೆಲ್ಲಗೆ ಇಳಿದು, ತಲೆದಿಂಬು ಸಿಕ್ಕವರಂತೆ ಮಲಗಿತು.

ಠಾಣಾ ಕುಶನೂರಿನ ಆ ಅಂಗಳದಲ್ಲಿ ಬಿಸಿಲು ರೊಟ್ಟಿಯ ಹಂಚಿನ ಹಾಗೆ ಕಾಯ್ದಿತ್ತು. ಆದರೂ ಮನೆಯೊಡತಿ ಸಿದ್ದೇಶ್ವರಿ ಸೆರಗನ್ನು ಮೈತುಂಬ ಸುತ್ತಿಕೊಂಡಳು.

"ನಾ ಹೇಳ್ಲಿಲ್ಲೇನ್ರಿ, ಆಯಿ? ಅವ್ರು ಬಂದು ಕೂಡ್ತಾರ. ನಾ ಮಾತಾಡಿದ್ದು ಕೇಳ್ತಾರ."

ಮುಳ್ಳು ಮತ್ತೆ ಎದ್ದಿತು.

ಭಾಲ್ಕಿಯಲ್ಲಿ ಸಾಲ ಮಾಡಿ ಬೇಳೆ ಅಂಗಡಿ ಇಟ್ಟಿದ್ದ ಅವಳ ಗಂಡ ದತ್ತಾತ್ರಿ ಸೋಯಾ ರಾಶಿಯ ಕಾಲಕ್ಕೆ ಕಾಣೆಯಾದವನು ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಅವನ ಬಿಳಿ ಕಾರು, ಭಾಲ್ಕಿ ರೈಲ್ವೆ ಸ್ಟೇಷನ್ನಿನ ಮುಂದೆ, ಕೀಲಿ ಸಮೇತ.

ಸಿದ್ದೇಶ್ವರಿ ಕಾರನ್ನು ಊರಿಗೆ ತರಿಸಿಕೊಂಡಳು. ಅಂಗಳದ ತುಂಬ ತೊಗರಿಕಟ್ಟಿಗೆ ಒಟ್ಟಿದ್ದರಿಂದ ಜಾಗವಿದ್ದದ್ದು ಕುರಿದೊಡ್ಡಿಯ ಪಕ್ಕದಲ್ಲಿ ಮಾತ್ರ. ಅಲ್ಲಿ ನಿಂತ ದಿನದಿಂದ ಕಾರಿನ ಬ್ಯಾಟರಿ ಸಾಯತೊಡಗಿತು. ಹೊಸದು ಹಾಕಿಸಿದರೆ ಅದೂ ವಾರದೊಳಗೆ ಸತ್ತಿತು. ದತ್ತಾತ್ರಿ ಸತ್ತು ದೆವ್ವವಾಗಿ ರಾತ್ರಿಯೆಲ್ಲ ಕಾರಿನಲ್ಲಿ ಕೂತು ರೇಡಿಯೊ ಕೇಳುತ್ತಾನೆ ಅಂತ ಊರು ತೀರ್ಮಾನಿಸಿತು. ಆಮೇಲೆ ಆ ಓಣಿಯಲ್ಲಿ ಕತ್ತಲಾದ ಮೇಲೆ ನಾಯಿ ಕೂಡ ಓಡಾಡಲಿಲ್ಲವಂತೆ.

ಹೆದರದವಳು ಸಿದ್ದೇಶ್ವರಿ ಒಬ್ಬಳೇ. ದಿನಾ ಸಂಜೆ ದೀಪ ಹಚ್ಚಿ ಕಾರಿನೊಳಗೆ ಕೂತು, ಗಾಜು ಏರಿಸಿ, ಗಂಡನ ಖಾಲಿ ಸೀಟಿಗೆ ಅವತ್ತಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾವ ಕುರಿಗೆ ಕಾಲುಬೇನೆ, ಯಾರ ಮನೆಯಲ್ಲಿ ಮದುವೆ, ಎದೆಯಲ್ಲಿ ಎಷ್ಟು ಭಾರ.

ಕಾರಿಗೆ ಹೇಳಿದ್ದು ಕಮಠಾಣದಿಂದ ವಾಪಸು ಬಂತು. ಅಲ್ಲಿ ಮಡೆಪ್ಪ ಎಂಬವನ ಮೈಮೇಲೆ ಗುರುವಾರಕ್ಕೊಮ್ಮೆ ಸತ್ತವರು ಬರುತ್ತಾರೆ. ಗಂಡನ ಸುಳಿವು ಕೇಳಲು ಹೋದ ಸಿದ್ದೇಶ್ವರಿ ಕಾರಿನೊಳಗೆ ಪಿಸುಗುಟ್ಟಿದ್ದನ್ನೆಲ್ಲ ಅವನು ಕಣ್ಣು ಮೇಲೆ ಮಾಡಿ ಅವಳಿಗೇ ತಿರುಗಿ ಹೇಳಿದ. ಕೊನೆಗೆ, "ನಾ ಸತ್ತೀನಿ. ನನ್ನ ಹುಡುಕಬ್ಯಾಡ. ಔರಾದ ಪೊಲೀಸ್ ಠಾಣಾಕ್ಕ ಕೊಟ್ಟ ಫಿರ್ಯಾದಿ ವಾಪಸ್ ತಗೋ. ಬಳಿ ಒಡಿ," ಅಂದ.

ನಾಳೆ ಗುರುವಾರ. ನಾಳೆ ಒಪ್ಪಿಕೊಂಡು ಬಂದರೆ ಶುಕ್ರವಾರ ಹುಡುಕಾಟ ಮುಗಿಯುತ್ತದೆ, ಬಳೆಯೂ ಹೋಗುತ್ತದೆ. ಅದಕ್ಕೇ ಅವಳು ಬೀದರಿಗೆ ಓಡಿ ಭೀಮಬಾಯಿಯನ್ನೂ ಪಾಶಾನನ್ನೂ ಕರೆತಂದದ್ದು. ಕಳೆದ ಮೂಗುತಿಯಿಂದ ಹಿಡಿದು ಓಡಿಹೋದ ಅಳಿಯನವರೆಗೆ ಹುಡುಕಿಕೊಟ್ಟ ಮುದುಕಿ ಭೀಮಬಾಯಿ. ಅವಳು ಕಣ್ಣು ಕಿರಿದು ಮಾಡಿ ನೋಡಿದರೆ ಕೋಟೆಯ ಮೇಲಿನ ತೋಪು ಕೂಡ ಯಾವತ್ತು ಯಾರ ಮೇಲೆ ಹಾರಿದ್ದೆ ಅಂತ ಬಾಯಿ ಬಿಡುತ್ತದೆ ಅನ್ನುತ್ತಾರೆ.

ಚಾಂದ ಪಾಶಾ ತನ್ನ ಕೆಲಸ ಕ್ರಮವಾಗಿಯೇ ಮಾಡಿದ್ದ. ಬ್ಯಾಟರಿಯ ಮೈನಸ್ ಕಡೆಯ ವೈರು ಬಿಚ್ಚಿ, ನಡುವೆ ಮೀಟರು ಕೂಡಿಸಿದ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಕಾರು ತಿಳಿಯಲಿ ಅಂತ ಬಾಗಿಲ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂಡಿಸಿದ. ಆಮೇಲೆ ಕಾದ.

"ಯಾಕ ಕುಂತಿ? ಶುಭಮುಹೂರ್ತ ನೋಡ್ಲಕತ್ತೀಯೇನು?" ಎಂದು ಕೆಣಕಿದ್ದಳು ಭೀಮಬಾಯಿ.

"ಕಾರು ಮಲಗಬೇಕರಿ, ಆಯಿ. ಕೀಲಿ ತಗದ ಮ್ಯಾಲ ಒಳಗಿಂದೆಲ್ಲಾ ಒಂದೊಂದಾಗಿ ಮಲಗತಾವ. ಎಲ್ಲಾ ಮಲಗಿದ ಮ್ಯಾಲನೂ ಯಾರು ಕರೆಂಟ್ ಕುಡೀತಾರ, ಅವ್ರೇ ಚೋರ್."

ಕಾರು ಮಲಗಿತು. ಕಳ್ಳ ಮಾತ್ರ ಮಾತಿಗೊಮ್ಮೆ ಏಳುತ್ತಿದ್ದ.

ಪಾಶಾ ಫ್ಯೂಜುಗಳನ್ನು ಕೀಳತೊಡಗಿದ. ದೀಪದ್ದು, ಹಾರ್ನಿನದು, ಟೇಪಿನದು. ಒಂದು ಕಿತ್ತು, ಮೀಟರು ನೋಡಿ, ತಾಟಿನಲ್ಲಿ ಹಾಕಿ, ಇನ್ನೊಂದಕ್ಕೆ ಕೈ ಹಾಕಿದ. ಪ್ರತಿ ಸಲವೂ ಸಿದ್ದೇಶ್ವರಿಯ ಕಡೆ ನೋಡಿ ತಲೆಯಾಡಿಸಿದ. ಅವಳು "ರೀ..." ಅಂದಳು. ಪ್ರತಿ ಸಲವೂ ಮುಳ್ಳು ಎದ್ದಿತು. ಕೊನೆಗೆ ತಾಟು ತುಂಬಿತು, ಫ್ಯೂಜಿನ ಡಬ್ಬಿ ಮುದುಕರ ಬಾಯಿಯ ಹಾಗೆ ಬೊಚ್ಚಾಯಿತು.

"ಎಲ್ಲಾ ಕಿತ್ತೀನಿ. ಈಗ ಇದು ಹೆಣ ಇದ್ದಂಗ," ಅಂದ ಪಾಶಾ, ದನಿ ತಗ್ಗಿಸಿ. "ಹೆಣ ಮಾತು ಕೇಳಬಾರದು."

ಮುಳ್ಳು ಎದ್ದಿತು. ಕೇಳಿತು.

ಅಷ್ಟರಲ್ಲಿ ಹೊಲದ ಕಡೆಯಿಂದ ಕುರಿಗಳು ಬಂದವು. ಹಿಂಡು ದೊಡ್ಡಿಗೆ ನುಗ್ಗಿತು. ತಾಯಿ ಮರಿಯನ್ನು ಕರೆಯಿತು, ಮರಿ ತಾಯಿಯನ್ನು. ಆ ಗದ್ದಲಕ್ಕೆ ಮೀಟರಿನ ಮುಳ್ಳು ಎದ್ದದ್ದು ಮತ್ತೆ ಮಲಗಲೇ ಇಲ್ಲ. ಒಂದು ಕುರಿ ಸುಮ್ಮನಾದರೆ ಇನ್ನೊಂದು ಒದರುತ್ತಿತ್ತು. ಮುಳ್ಳು ನಿಂತೇ ಇತ್ತು.

ಸಿದ್ದೇಶ್ವರಿ ಭೀಮಬಾಯಿಯ ಕಿವಿಗೆ ಬಗ್ಗಿದಳು.

"ಹೋದ ಗುರುವಾರ ಮಡೆಪ್ಪ ಅಂದಿದ್ದ, ಆಯಿ. ರಾತ್ರಿ ಎಲ್ಲಾ ನನ್ನ ಕಿವಿ ತುಂಬ ಕುರಿ ಒದರ್ತಾವ, ನನಗ ನಿದ್ದಿ ಇಲ್ಲ ಅಂತ. ಅವ ನಮ್ಮೂರಿಗಿ ಎಂದೂ ಬಂದಾಂವಲ್ಲ."

ಭೀಮಬಾಯಿ ಕಣ್ಣು ಕಿರಿದು ಮಾಡಿದಳು.

ಪಾಶಾ ಆಗಲೇ ಬ್ಯಾಟರಿಯ ಮೇಲೆ ಬಾಗಿದ್ದ. ಅಲ್ಲಿನ ವೈರುಗಳೆಲ್ಲ ದೂಳು ತಿಂದು ಬೂದುಬಣ್ಣಕ್ಕೆ ತಿರುಗಿದ್ದವು. ಒಂದು ಮಾತ್ರ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು, ಜಡೆಯಿಂದ ಎಳೆದ ಒಂಟಿ ಕೂದಲಿನ ಹಾಗೆ. ಅದು ಫ್ಯೂಜಿನ ಡಬ್ಬಿಗೆ ಹೋಗದೆ ಬ್ಯಾಟರಿಯಿಂದ ನೇರ ಕಾರಿನ ಒಳಗೆ ಇಳಿದಿತ್ತು. ಅವನು ಬೆರಳಲ್ಲಿ ಅದನ್ನು ಸವರುತ್ತ ಹೋದ. ಕಾಲಡಿಯ ಮ್ಯಾಟು ಎತ್ತಿದ. ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದವನು ಹಾಗೇ ನಿಂತ.

ಸೀಟಿನ ಹೊಟ್ಟೆಗೆ ಕಪ್ಪು ಟೇಪು ಸುತ್ತಿದ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಅಂಟಿಕೊಂಡಿತ್ತು. ಮುಟ್ಟಿದರೆ ಮೈ ಕಾಯ್ದವರ ಹಣೆಯಂತೆ ಬೆಚ್ಚಗಿತ್ತು.

ಪಾಶಾ ತುಟಿಯ ಮೇಲೆ ಬೆರಳಿಟ್ಟು, ಇಬ್ಬರನ್ನೂ ದೂರದ ಬೇವಿನ ಮರದ ಕೆಳಗೆ ಕರೆದೊಯ್ದ.

"ದೆವ್ವ ಅಲ್ಲ, ಆಯಿ. ಒಳಗ ಸಿಮ್ ಅದ. ಸಪ್ಪಳ ಬಿದ್ದ ಕೂಡ್ಲೇ ತಾನೇ ಯಾರಿಗೋ ಫೋನ್ ಹಚ್ತದ. ಅವ್ರು ಅಲ್ಲಿ ಕುಂತು ಇಲ್ಲಿ ಮಾತಾಡೋದೆಲ್ಲಾ ಕೇಳ್ತಾರ. ಭಾಲ್ಕಿ ಅಂಗಡಿ ಮುಂದ ನಿಂತಾಗ ರಾತ್ರಿ ಓಣಿ ಮಲಗ್ತಿತ್ತು, ಇದೂ ಮಲಗ್ತಿತ್ತು, ಬ್ಯಾಟರಿ ಉಳೀತಿತ್ತು. ಇದನ್ನ ಹಚ್ಚಿದಾಂವಗ ಮುಂದ ಕಾರು ಕುರಿದೊಡ್ಡಿ ಬಾಜೂಕ ನಿಲ್ತದಂತ ಕನಸು ಬಿದ್ದಿತ್ತೇನು? ಇಲ್ಲಿ ರಾತ್ರಿ ಎಲ್ಲಾ ಕುರಿ ಒದರ್ತಾವ, ಇದು ರಾತ್ರಿ ಎಲ್ಲಾ ಫೋನ್ ಹಚ್ತದ."

"ಅಂದ್ರ ಯಾವನೋ ಒಬ್ಬ ಇಷ್ಟು ದಿನ ಕುರಿ ಪುರಾಣ ಕೇಳ್ಯಾನ!" ಎಂದು ಭೀಮಬಾಯಿ ಬೊಚ್ಚುಬಾಯಿ ತೆರೆದು ನಕ್ಕಳು. ನಗು ಬಂದಷ್ಟೇ ಬೇಗ ಹೋಯಿತು.

ಸಿದ್ದೇಶ್ವರಿ ನಗಲಿಲ್ಲ. ಅವಳು ಕಾರನ್ನೇ ನೋಡುತ್ತಿದ್ದಳು. "ನಾ ಅದರಾಗ ಕುಂತು ಅಳ್ತಿದ್ದೆ, ಆಯಿ. ಅದನ್ನೂ ಕೇಳ್ಯಾನಾ ಅಂವ?"

ಭೀಮಬಾಯಿ ಅವಳ ತಲೆಯ ಮೇಲೆ ಕೈ ಇಟ್ಟಳು.

"ಡಬ್ಬಿ ಕಿತ್ತು ಬಿಡ್ಲೇನ್ರಿ?" ಎಂದ ಪಾಶಾ.

"ಹುಚ್ಚ ಇದ್ದೀಯೇನು? ಅದು ಇದ್ದಲ್ಲೇ ಇರ್ಲಿ. ಮೊದಲ ಹೋಗಿ ಕಾರಿನ ಮುಂದ ನಿಂತು ಬ್ಯಾಟರಿ ಹಾಳಾಗ್ಯದ ಅಂತ ಜೋರಾಗಿ ಒದರು. ಕಿತ್ತಿದ ಫ್ಯೂಜಿನ ಹಲ್ಲೆಲ್ಲಾ ತಿರುಗಿ ಕೂಡಿಸು. ಆಮ್ಯಾಲ ನೀ, ಯವ್ವಾ, ದಿನಾ ಕೂಡೂವಂಗ ಒಳಗ ಕೂಡು. ನಾ ಹೇಳಿದ್ದು ಹೇಳು."

"ಏನ್ ಹೇಳ್ಲಿ?"

"ಸುಳ್ಳು. ಸಣ್ಣದು ಬ್ಯಾಡ, ಸಣ್ಣ ಸುಳ್ಳು ದಾರಿಯಾಗ ಉದುರಿ ಹೋಗ್ತದ. ಬೀದರ ಕೋಟಿಯಷ್ಟು ದೊಡ್ಡದು ಹೇಳು. ನಿಮ್ಮ ಕುರಿ ಎರಡು ತಲಿ ಮರಿ ಈದದ ಅನ್ನು."

ಆ ಸಂಜೆ ಸಿದ್ದೇಶ್ವರಿ ದೀಪ ಹಚ್ಚಿ, ಕಾರಿನೊಳಗೆ ಕೂತು, ಗಾಜು ಏರಿಸಿದಳು. ಅದೇ ಸೀಟು, ಅದೇ ವಾಸನೆ. ಇವತ್ತು ಮಾತ್ರ ಸೀಟಿನ ಕೆಳಗೆ ಯಾರದೋ ಕಿವಿ ಬೆಚ್ಚಗೆ ಕಾಯುತ್ತಿತ್ತು. "ರೀ, ಕೇಳ್ರಿ," ಅಂದಳು. "ಇವತ್ತ ಒಂದು ಅಪಶಕುನ ಆಗ್ಯದ. ನಾ ಯಾರಿಗೂ ಹೇಳಿಲ್ಲ. ಎರಡು ತಲಿ ಮರಿ ಹುಟ್ಟ್ಯದ್ರಿ..."

ಬೆಳಿಗ್ಗೆ ಮೈದುನ ದಿಲೀಪ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಅಣ್ಣ ಕಾಣೆಯಾದಂದಿನಿಂದ ಭಾಲ್ಕಿಯ ಅಂಗಡಿ ಅವನದೇ ಕೈಯಲ್ಲಿ. ದಿನಾ ಬಂದು ಹೊಲ ನೋಡಿ, ಅತ್ತಿಗೆ, ಅವನ ಬಾಯಲ್ಲಿ ವೈನಿ, ಕಟ್ಟಿಕೊಡುವ ಬುತ್ತಿ ಒಯ್ಯುತ್ತಿದ್ದ.

ಭೀಮಬಾಯಿ ದೊಡ್ಡಿಯ ಬಾಗಿಲಿಗೆ ಅಡ್ಡ ಕೂತು ತೊಗರಿ ಹಸನು ಮಾಡುತ್ತಿದ್ದಳು. ತವರಿನ ಕಡೆಯ ಮುದುಕಿ ಅಂತ ಸಿದ್ದೇಶ್ವರಿ ಹೇಳಿದಳು.

"ಕಾರ ಮಾರಿಬಿಡ್ರಿ ಅಂದೆ, ಕೇಳವಲ್ರಿ," ಅಂದ ದಿಲೀಪ. "ಇಲ್ಲಾಂದ್ರ ಈ ದೊಡ್ಡಿಯಿಂದಾದ್ರೂ ದೂರ ನಿಲ್ಲಸ್ರಿ, ವೈನಿ." ಹೇಳುತ್ತಲೇ ಕೊಕ್ಕರೆಯ ಹಾಗೆ ಕತ್ತು ಚಾಚಿ ದೊಡ್ಡಿಯೊಳಗೆ ನೋಡಿದ. "ಕುರಿ ಎಲ್ಲಾ ಆರಾಮ ಅವೇನು?"

"ಆರಾಮ ಅವ," ಅಂದಳು ಸಿದ್ದೇಶ್ವರಿ. ಹುಟ್ಟಿದಾಗಿನಿಂದ ಕುರಿಯ ಕ್ಷೇಮ ಕೇಳಿದವನಲ್ಲ ಅವನು.

ಬುತ್ತಿಯ ಗಂಟು ಅವನ ಕೈಗೆ ಬಂದಾಗ ಭೀಮಬಾಯಿ ಹುಬ್ಬು ಹಾರಿಸಿದಳು. "ಅಬಬಾ! ಇದ್ಯಾರ ಬುತ್ತಿಯೋ, ಅಪ್ಪಾ? ಇಷ್ಟು ರೊಟ್ಟಿಯೊಳಗ ಒಂದು ಮದುವಿ ದಿಬ್ಬಣ ಉಂಡು ಏಳ್ತದ. ನಿನ್ನ ಹೊಟ್ಟಿಯಾಗ ಯಾರನ್ನ ಬಾಡಿಗಿಗಿ ಇಟ್ಟಿ?"

"ಹಸಿವು ಜಾಸ್ತಿ ಆಗ್ಯದ, ಆಯಿ," ಅಂದ ದಿಲೀಪ, ನಗದೆ. "ವೈನಿ, ಶೇಂಗಾ ಹಿಂಡಿ ಕಟ್ಟೀರಿಲ್ಲೋ?"

"ಈಗೇ ಖಾರಾ ಹಾಕಿ ಪುಡಿ ಕುಟ್ಟೀನಿ. ಆದ್ರ ನಿನಗ ಶೇಂಗಾ ತಿಂದ್ರ ಮೈ ತುರಿಸ್ತದಲ್ಲೋ?"

"ಈಗ ಆಗ್ತದ ಬಿಡ್ರಿ," ಅಂದವನು ಗಾಡಿ ಚಾಲೂ ಮಾಡಿ ಹೋಗಿಬಿಟ್ಟ.

ಭೀಮಬಾಯಿ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಕೇಳೋ ಕಿವಿ ಯಾವುದಂತ ಗೊತ್ತಾತು, ಯವ್ವಾ. ಇನ್ನ ಬಾಯಿ ಕಡಿ ಹೋಗೋಣ, ನಡಿ."

ಕಮಠಾಣಕ್ಕೆ ಅದೇ ಕಾರಿನಲ್ಲಿ ಹೋದರು. ದಾರಿಯುದ್ದಕ್ಕೂ ಒಬ್ಬರೂ ಪಿಟಕ್ಕೆನ್ನಲಿಲ್ಲ. ಬೀದರ ದಾಟುವಷ್ಟರಲ್ಲಿ ಭೀಮಬಾಯಿಯ ಹೊಟ್ಟೆ ಹೇಳದ ಮಾತುಗಳಿಂದ ಉಬ್ಬಿ, ಸೀರೆಯ ನೆರಿಗೆ ಬಿಚ್ಚುವಂತಾಗಿತ್ತು. ಸೀಟಿನ ಕೆಳಗಿನ ಡಬ್ಬಿ ಇಂಜಿನ್ನಿನ ಸದ್ದು ಕೇಳುತ್ತ ಅವರೊಂದಿಗೆ ನಾಲ್ಕನೆಯವನಾಗಿ ಬಂತು.

ಮಡೆಪ್ಪನ ಕೋಣೆಗೆ ಕಿಟಕಿಯಿರಲಿಲ್ಲ. ಲೋಬಾನದ ಹೊಗೆಯಲ್ಲಿ ಅವನ ಬಿಳಿಗಣ್ಣು ಮಾತ್ರ ಕಾಣುತ್ತಿತ್ತು. ಹೆಂಗಸರು ಎದುರು ಕೂತರು. ಅವನ ಮೈ ನಡುಗತೊಡಗಿತು. ಗಂಟಲಿನಿಂದ ಗಂಡಸಿನ ದಣಿದ ದನಿಯೊಂದು ಎದ್ದು ಬಂತು.

"ಬಂದಿಯೇನು? ನೀ ಯಾರಿಗೂ ಹೇಳಿಲ್ಲ, ಆದ್ರ ನಾ ನೋಡೀನಿ. ನಮ್ಮ ದೊಡ್ಡಿಯಾಗ ಎರಡು ತಲಿ ಮರಿ ಹುಟ್ಟ್ಯದ. ಅದು ನನ್ನ ಸಾವಿನ ಗುರ್ತು. ನಾಳಿಗಿ ಔರಾದಕ್ಕ ಹೋಗು. ಬಳಿ ಒಡಿ..."

"ಯಾವ ತಲಿ ಮೊದಲ ಒದರ್ತು?" ಎಂದಳು ಭೀಮಬಾಯಿ.

ನಡುಕ ಒಂದು ಗಳಿಗೆ ತಪ್ಪಿತು.

"ಕೇಳ್ಲಕತ್ತೀನಲ್ಲೋ. ಎಡಗಡಿ ತಲಿಯೋ ಬಲಗಡಿದೋ? ದೆವ್ವಾಗಿ ಕಣ್ಣಾರೆ ನೋಡೀದಿ, ಇಷ್ಟು ಗೊತ್ತಿಲ್ಲಾ?"

"ಸತ್ತವರ ಮುಂದ ಚ್ಯಾಷ್ಟಿ ಮಾಡಬ್ಯಾಡ, ಮುದುಕಿ!"

"ಸತ್ತವರ ಮುಂದ ನಾ ಯಾಕ ಮಾಡ್ಲಿ? ನನ್ನ ಗಂಡನೂ ಅಲ್ಲೇ ಇದ್ದಾನ, ನೋಡ್ಕೋತಾನ. ನಾ ಮಾಡ್ಲಕತ್ತಿದ್ದು ನಿನ್ನ ಚ್ಯಾಷ್ಟಿ. ಆ ಮರಿ ಹುಟ್ಟೇ ಇಲ್ಲ, ಮಡೆಪ್ಪಾ. ನಿನ್ನಿ ಸಂಜೀಕ ಕಾರಿನ್ಯಾಗ ನಾವೇ ಹುಟ್ಟಿಸೀವಿ. ಅದು ನಿನ್ನ ಬಾಯಿಗಿ ಹ್ಯಾಂಗ ಬಂತು?"

ಮಡೆಪ್ಪನ ಕಣ್ಣುಗುಡ್ಡೆಗಳು ತಮ್ಮ ಜಾಗಕ್ಕೆ ಇಳಿದವು. ಅವು ಸಾಧಾರಣ, ಹೆದರಿದ ಕಣ್ಣುಗಳು.

"ಫೋನ್ ಬರ್ತದರಿ, ಅವ್ವಾ," ಅಂದ, ಈಗ ತನ್ನದೇ ಕೀರಲು ದನಿಯಲ್ಲಿ. "ಗುರುವಾರ ಮುಂಜಾನಿ. ಏನ್ ಹೇಳಬೇಕಂತ ಹೇಳ್ತಾರ. ಅವರ ಮಾರಿ ನಾ ಎಂದೂ ನೋಡಿಲ್ಲ, ದೇವರಾಣಿ. ನೀವು ಹೋದ ಮ್ಯಾಲ ಮತ್ತ ಫೋನ್ ಮಾಡ್ತಾರ. ಒಪ್ಪಿದಳೇನು ಅಂತ ಕೇಳ್ತಾರ."

"ನಾವು ಹೋಗಿದ್ದು ಅವರಿಗಿ ಹ್ಯಾಂಗ ತಿಳೀತದ?"

"ಅದು ನನಗೇನು ಗೊತ್ತರಿ? ನೀವು ಹೋದ ಕೂಡ್ಲೇ ಬರ್ತದ. ಒಮ್ಮಿನೂ ತಪ್ಪಿಲ್ಲ."

ಭೀಮಬಾಯಿಗೆ ಗೊತ್ತಿತ್ತು. ಬಾಗಿಲಾಚೆ ಹೋಗಿ ಪಾಶಾನಿಗೆ ಕೈಸನ್ನೆ ಮಾಡಿದಳು. ಅವನು ಕಾರಿನ ಬಾಗಿಲನ್ನು ಒಂದಲ್ಲ ಮೂರು ಸಲ ದಢಾರ್ ಅಂತ ಹಾಕಿ, ಇಂಜಿನ್ ಚಾಲೂ ಮಾಡಿ, ಒಬ್ಬನೇ ಬೀದರಿನ ಕಡೆ ಹೊರಟುಹೋದ. ಕೇಳುವ ಕಿವಿ ಕಾರಿನ ಬೆನ್ನು ಹತ್ತಿ ಹೋಯಿತು.

ಕೋಣೆಯಲ್ಲಿ ಮೂವರೂ ಫೋನನ್ನು ನಡುವೆ ಇಟ್ಟುಕೊಂಡು ಕೂತರು.

"ಆಯಿ," ಅಂದಳು ಸಿದ್ದೇಶ್ವರಿ ಇದ್ದಕ್ಕಿದ್ದಂತೆ. "ಒಂದು ಮಾತು ಹೊಂದಿಕಿ ಆಗವಲ್ದು. ಮೊದಲನೇ ದಿನ ಇಂವ ನನ್ನ 'ತಹಸೀಲ್ದಾರಬಾಯಿ' ಅಂತ ಕರದ. ಅದಕ್ಕೇ ನಾ ಇವನ್ನ ನಂಬಿದ್ದು. ಅವ್ರು ನಾವಿಬ್ಬರೇ ಇದ್ದಾಗ ಕರೆಯೋ ಹೆಸರದು, ನಾ ಹುಕುಂ ಭಾಳ ನಡಸ್ತೀನಂತ. ನಾ ಕಾರಿನ್ಯಾಗ ಒಮ್ಮಿನೂ ಅಂದಿಲ್ಲ. ನನ್ನ ನಾನೇ ಹಂಗ ಯಾಕ ಕರಕೊಳ್ಲಿ?"

"ದಿಲೀಪಗ ಗೊತ್ತಿರಬೇಕು."

"ಅವರ ಅವ್ವಗೂ ಗೊತ್ತಿರಲಿಲ್ರಿ."

ಭೀಮಬಾಯಿ ಮಡೆಪ್ಪನ ಕಡೆ ತಿರುಗಿದಳು. ಅವನು ತಲೆ ಬಗ್ಗಿಸಿದ. "ಅದನ್ನೂ ಫೋನಿನ್ಯಾಗೇ ಹೇಳಿದ್ರರಿ."

ಫೋನು ನಡುಗಿತು.

ಭೀಮಬಾಯಿ ಸ್ಪೀಕರ್ ಒತ್ತು ಅಂತ ಸನ್ನೆ ಮಾಡಿ, ದಿಲೀಪನ ದನಿಗಾಗಿ ಕಿವಿ ನಿಮಿರಿಸಿ ಕೂತಳು. ಆ ದನಿ ಬಂದೊಡನೆ ಅವನಿಗೆ ಹೇಳಬೇಕಾದ ಬೈಗುಳಗಳು ಅವಳ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.

"ಹೇಳೀನ್ರಿ," ಅಂದ ಮಡೆಪ್ಪ. "ಒಪ್ಪಿದಳು. ನಾಳಿಗಿ ಹೋಗ್ತಾಳ."

ಆಚೆ ಉಸಿರಾಡುವ ಸದ್ದು. ಆಮೇಲೆ ದಣಿದ, ಮೆತ್ತನೆಯ ದನಿ. ಸ್ವಲ್ಪ ಹೊತ್ತಿನ ಹಿಂದೆ ಮಡೆಪ್ಪನ ಗಂಟಲಿನಿಂದ ಎದ್ದು ಬಂದಿದ್ದು ಈ ದನಿಯ ಅಣಕವಾಗಿತ್ತು.

"ತಹಸೀಲ್ದಾರಬಾಯಿ ಅತ್ತಳೇನು?"

ಸಿದ್ದೇಶ್ವರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆ ದನಿಯೊಂದಿಗೆ ಹನ್ನೆರಡು ವರ್ಷ ಬಾಳಿದವಳು ಅವಳು. ಗುರುತು ಹಿಡಿಯಲು ಅವಳಿಗೆ ಯಾವ ದೇವರೂ ಬೇಕಿರಲಿಲ್ಲ.

ಭೀಮಬಾಯಿಯ ನಾಲಿಗೆಯ ಮೇಲಿನ ಬೈಗುಳಗಳು ಅಲ್ಲೇ ಸತ್ತವು.

"ಹೇಳೋ, ಮಡೆಪ್ಪಾ. ಅತ್ತಳೇನು?"

ಮಡೆಪ್ಪ ಉತ್ತರಿಸುವ ಮೊದಲೇ ದತ್ತಾತ್ರಿಯ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಅದು ದಿಲೀಪನದು. ಗದರಿಕೆಯಿಲ್ಲ, ಅವಸರವಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವ ಹಾಗೇ ಇತ್ತು.

"ಸಾಕು, ಅಣ್ಣಾ. ಫೋನ್ ಇಡು. ಉಣ್ಣು ಬಾ. ವೈನಿ ಇವತ್ತ ಶೇಂಗಾ ಹಿಂಡಿ ಕಟ್ಟ್ಯಾರ."

ಫೋನು ಸತ್ತಿತು.

ಸಿದ್ದೇಶ್ವರಿ ಬಾಯಿಯಿಂದ ಕೈ ತೆಗೆದು ತನ್ನ ಬೆರಳುಗಳನ್ನು ನೋಡಿಕೊಂಡಳು. ಬೆಳಿಗ್ಗೆ ಕುಟ್ಟಿದ ಖಾರ ಅವುಗಳಲ್ಲಿ ಇನ್ನೂ ಉರಿಯುತ್ತಿತ್ತು.